ತುಂಗೆಯ ಮೀನೂ ತೋಟದ ಮೈಲುತುತ್ತವೂ

ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಮಗ್ಗುಲಲ್ಲೇ ತುಂಗೆಯ ಸೋಪಾನಗಳು. ಯಾತ್ರಿಕನು ಹಿಡಿ ಪುರಿ ಚೆಲ್ಲಿದರೆ ಸಾಕು, ತೋಳುದ್ದದ ಮೀನುಗಳು ಗುಂಪುಗುಂಪಾಗಿ ಮೇಲೇಳುತ್ತವೆ. ಇವು ದೇವರ ಮೀನುಗಳು, ಬಲೆ ಬೀಸುವವರಿಲ್ಲ.

'ಗಂಗಾ ಸ್ನಾನ, ತುಂಗಾ ಪಾನ' ಎಂಬ ನಾಣ್ಣುಡಿ ಸುಮ್ಮನೆ ಹುಟ್ಟಿದ್ದಲ್ಲ. ಗಂಗಾಮೂಲದಿಂದ ಕಗ್ಗಲ್ಲಿನ ಮೇಲೆ ಹರಿದು ಬರುವ ಈ ನೀರಿನಲ್ಲಿ ಸುಣ್ಣದ ಅಂಶ ಅತ್ಯಲ್ಪ. ನಾಲಗೆಗೆ ಸಿಹಿ, ಬೇಳೆ ಬೇಯಲು ಹಿತ. ಆದರೆ ಈ ಮೃದುತ್ವವೇ ಮೀನಿನ ಪಾಲಿಗೆ ಅಪಾಯದ ಬಾಗಿಲೂ ಆಗಬಲ್ಲದು.

ನದಿಯ ಇಕ್ಕೆಲದ ಕಣಿವೆಗಳಲ್ಲಿ ಅಡಕೆಯ ತೋಟಗಳು. ಮುಂಗಾರು ಹಿಡಿದು ಕುಳಿತಿತೆಂದರೆ ಕೊಳೆರೋಗದ ಭಯ. ಎಳೆಗಾಯಿಗಳು ಕೊಳೆತು ಉದುರಿ ವರ್ಷದ ಅನ್ನವೇ ಮಣ್ಣುಪಾಲು. ಹಿಂದೆ ಮಲೆನಾಡಿಗರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ, ಫ್ರಾನ್ಸಿನ ದ್ರಾಕ್ಷಿತೋಟಗಳ ಬೋರ್ಡೋ ದ್ರಾವಣವನ್ನು ಅಡಕೆಗೆ ತಂದರು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು: ಇಂದಿಗೂ ಅದೇ ಪ್ರಮಾಣ. ಅದು ಉಳಿಸಿದ ಸಂಸಾರಗಳೆಷ್ಟೋ! ಬೆಳೆಗಾರನನ್ನು ಹಳಿಯುವುದು ಸಲ್ಲದು.

ಆದರೆ ಮೈಲುತುತ್ತದೊಳಗಿನ ತಾಮ್ರವು ಮೂಲಧಾತು. ಕೊಳೆಯದು, ಕರಗಿ ಇಲ್ಲವಾಗದು. ವರ್ಷ ವರ್ಷವೂ ತೋಟದ ಮೇಲ್ಮಣ್ಣಿನಲ್ಲಿ ಶೇಖರವಾಗುತ್ತ, ಕೊಚ್ಚಿಹೋದ ಮಣ್ಣಿನೊಡನೆ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ ಇಳಿಯುತ್ತದೆ. ತಾಮ್ರದ ಚೊಂಬಿನ ನೀರು ಕುಡಿಯುವ ಮನುಷ್ಯನಿಗೆ ಇದು ವಿಚಿತ್ರವಾಗಿ ಕಂಡೀತು. ಮೀನಿಗಾದರೋ ನೀರಿನಲ್ಲಿ ಕರಗಿದ ಅತ್ಯಲ್ಪ ತಾಮ್ರವೂ ಕಿವಿರುಗಳನ್ನು ಕೆಡಿಸಬಲ್ಲದು. ಗಡಸು ನೀರಿನಲ್ಲಿ ಸುಣ್ಣದ ಅಂಶ ಕಿವಿರಿಗೆ ಕಾವಲು ನಿಲ್ಲುತ್ತದೆ. ಮಲೆನಾಡಿನ ಮೆದು ನೀರಿನಲ್ಲಿ ಆ ಕಾವಲು ದುರ್ಬಲ.

ಶ್ರಾವಣದ ತುಂಬುಹೊಳೆಯಲ್ಲಿ ಎಲ್ಲವೂ ತೆಳುವಾಗಿ ಹೋದೀತು. ಸಣ್ಣ ಹಳ್ಳಗಳ ಮಾತು ಬೇರೆ. ಮೊದಲ ಸಿಂಪಡಣೆ ಮುಂಗಾರಿನ ಹೊಸ್ತಿಲಲ್ಲಿ. ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೇರಿ ಮೊಟ್ಟೆಯಿಡುವ ಹತ್ತುಮೀನುಗಳ ಕಾಲವೂ ಅದೇ. ಔಷಧಿಯ ಡ್ರಮ್ಮನ್ನು ಅದೇ ಹಳ್ಳದಲ್ಲಿ ತೊಳೆದರೆ, ಆ ನೀಲಿ ನೀರು ಮೊದಲು ಮುಟ್ಟುವುದು ಮರಿಗಳನ್ನೇ. ಡ್ರಮ್ಮನ್ನು ದಿಬ್ಬದ ಮೇಲೆ ತೊಳೆಯುವುದಕ್ಕೆ ಖರ್ಚೇನೂ ಇಲ್ಲ. ಎರಡು ಕೊಡ ನೀರನ್ನು ಹೊತ್ತು ಮೇಲೇರಬೇಕು, ಅಷ್ಟೆ.