ಬೆಳಗಿನ ಆರು ಗಂಟೆಗೆ ಬೇಕಾದ ಕಾರಣ

ಸೋಮಾರಿಗೆ ಕನ್ನಡದಲ್ಲಿರುವ ಪದಗಳಲ್ಲಿ ನನಗೆ ಬಹಳ ಇಷ್ಟವಾದದ್ದು 'ಮೈಗಳ್ಳ'. ಕೆಲಸಕ್ಕೆ ಸಲ್ಲಬೇಕಾದ ಮೈಯನ್ನು ಕದ್ದಿಟ್ಟುಕೊಂಡವನು ಎಂದರ್ಥ. ಶಿಡ್ಲಘಟ್ಟದ ಕಡೆಯ ನಮ್ಮ ಹಳ್ಳಿಯಲ್ಲಿ ಈ ಮಾತನ್ನು ದಿನಕ್ಕೆ ಹತ್ತು ಸಲವಾದರೂ ಕೇಳಬಹುದು. ಆದರೆ ಓದುವ ಮಕ್ಕಳ ಮೇಲೆ ಮಾತ್ರ ಯಾರೂ ಅದನ್ನು ಪ್ರಯೋಗಿಸುವುದಿಲ್ಲ. ಓದುವವರ ಮೈ ಯಾರ ಲೆಕ್ಕಕ್ಕೂ ಸೇರಿಲ್ಲ. ನಾನು ಹತ್ತು ಗಂಟೆ ಕೂತಲ್ಲೇ ಕೂತಿದ್ದರೆ ಅಮ್ಮ ಪಕ್ಕದ ಮನೆಯವರಿಗೆ 'ಪಾಪ, ನಮ್ಮುಡುಗಿ ಎಷ್ಟು ಕಷ್ಟ ಬೀಳ್ತವಳೆ' ಅನ್ನುತ್ತಾಳೆ.

ಆ ಕಷ್ಟದ ಲೆಕ್ಕ ಕಳೆದ ವರ್ಷ ಒಂದು ಕಾಗದದ ಮೇಲೆ ಬಂತು. ಎಚ್‌ಬಿಎ1ಸಿ 6.1. ಹಿಂದಿನ ಎರಡು ಮೂರು ತಿಂಗಳಲ್ಲಿ ರಕ್ತದಲ್ಲಿ ಸಕ್ಕರೆ ಸರಾಸರಿ ಎಷ್ಟಿತ್ತು ಎಂದು ಹೇಳುವ ಪರೀಕ್ಷೆ ಇದು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದೆ ಎಂದು ತಿಳಿಯಬೇಕು. ನನಗಿನ್ನೂ ಇಪ್ಪತ್ತೆಂಟು. ಅಪ್ಪನಿಗೆ ಇದೇ ಕಾಯಿಲೆ ಬಂದು, ಗಾಯವೊಂದು ವಾಸಿಯಾಗದೆ, ಎಡಗಾಲಿನ ಹೆಬ್ಬೆರಳು ತೆಗೆಸಿಕೊಂಡು ಎರಡು ವರ್ಷವಾಗಿದೆ. ಈಗ ಅವರು ಮನೆಯಲ್ಲಿ ನಡೆಯುವಾಗ ಒಂದು ಹೆಜ್ಜೆ ಸದ್ದಾಗುತ್ತದೆ, ಇನ್ನೊಂದು ಸದ್ದಾಗುವುದಿಲ್ಲ.

ಇಷ್ಟು ಸಾಕಲ್ಲವೇ ವ್ಯಾಯಾಮ ಶುರುಮಾಡಲು, ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಭಯ ಒಳ್ಳೆಯ ಕಾರಣವೇ, ಆದರೆ ಅದರ ವೇಳೆಯೇ ಬೇರೆ. ರಾತ್ರಿ ಹನ್ನೊಂದಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಅಲಾರಂ ಇಡಿಸುತ್ತದೆ, ಓಡುವ ಶೂಗಳ ಬೆಲೆ ನೋಡಿಸುತ್ತದೆ, ಅಪ್ಪನ ಬೆರಳನ್ನು ನೆನಪಿಸುತ್ತದೆ. ಬೆಳಗಿನ ಆರಕ್ಕೆ ನನ್ನ ಜೊತೆ ಅದೂ ಮಲಗಿರುತ್ತದೆ.

ಪ್ರೇರಣೆಯ ವಿಡಿಯೋಗಳನ್ನೂ ಸಾಕಷ್ಟು ನೋಡಿದೆ. ಕೂತುಕೊಂಡೇ ನೋಡಿದೆ. ಎಲ್ಲರೂ ಹೇಳುವುದು ಒಂದೇ: ಬೆಂಕಿ ನಿನ್ನೊಳಗೇ ಇದೆ, ಹುಡುಕು. ಒಳಗೆ ಹುಡುಕಿದರೆ ನನಗೆ ಸಿಗುತ್ತಿದ್ದದ್ದು ಮುಗಿಯದ ಮೂರನೇ ಅಧ್ಯಾಯ.

ನಾನಿರುವುದು ತಲಘಟ್ಟಪುರದಲ್ಲಿ, ಕನಕಪುರ ರಸ್ತೆಯಿಂದ ಒಳಗಿನ ಒಂದು ಬೀದಿಯಲ್ಲಿ. 2021ರ ಜನವರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಯಲಚೇನಹಳ್ಳಿಯಿಂದ ಇತ್ತ ಬಂದಮೇಲೆ ನನ್ನಂಥವರಿಗೆ ಇಲ್ಲಿ ಮನೆ ಮಾಡುವುದು ಸಾಧ್ಯವಾಯಿತು. ನನ್ನ ನಿಲ್ದಾಣ ಕೊನೆಯದಕ್ಕೆ ಒಂದು ಹಿಂದಿನದು; ಕೊನೆಯದು ರೇಷ್ಮೆ ಸಂಸ್ಥೆ. ಶಿಡ್ಲಘಟ್ಟದ ಹುಡುಗಿಗೆ ದಿನಾ ಸಂಜೆ ಮೆಟ್ರೊ 'ರೇಷ್ಮೆ' ಎಂದು ಕೂಗಿ ಹೇಳುವುದು ಒಂಥರಾ ತಮಾಷೆ. ಮೈಯಲ್ಲಿ ಮಣ್ಣಾಗಲೀ ಬೆವರಾಗಲೀ ಇಲ್ಲದೆ, ಜ್ಞಾನಭಾರತಿಯಿಂದ ಕೂತು ಬಂದವಳು ಇಳಿಯುವಾಗ ನೆನಪಾಗುವುದು ನಮ್ಮ ಹುಳುವಿನ ಮನೆ.

ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವನ್ನು ಕಂಡವರೇ ಬಲ್ಲರು. ಇಡೀ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಅದು ಆ ಕೊನೆಯ ವಾರದಲ್ಲೇ ತಿನ್ನುತ್ತದೆ. ಕತ್ತಲಲ್ಲಿ ಬಾಗಿಲ ಬಳಿ ನಿಂತರೆ ತಗಡಿನ ಮೇಲೆ ಸಣ್ಣ ಮಳೆ ಬಿದ್ದಂತೆ ಸದ್ದು. ಆ ದಿನಗಳಲ್ಲಿ ಅಮ್ಮ ನಾಲ್ಕಕ್ಕೆ ಎದ್ದು ಸೊಪ್ಪು ಹಾಕುತ್ತಾಳೆ. ಮತ್ತೆ ತೋಟಕ್ಕೆ ಹೋಗಿ ಕೊಯ್ದು, ಹೊರೆ ಹೊತ್ತು ತಂದು, ಮತ್ತೆ ಹಾಕುತ್ತಾಳೆ. 'ಇವತ್ತು ಯಾಕೋ ಮನಸ್ಸಿಲ್ಲ' ಎಂದು ಅವಳು ಅಂದದ್ದನ್ನು ನಾನು ಕೇಳಿಲ್ಲ. ಮನಸ್ಸಿರುತ್ತಿತ್ತು ಅಂತಲ್ಲ. ಹುಳು ಅದನ್ನು ಕೇಳುತ್ತಿರಲಿಲ್ಲ, ಅಷ್ಟೆ.

ಅಮ್ಮನ ದುಡಿಮೆಯೇ ವ್ಯಾಯಾಮ, ಹಳ್ಳಿಯವರಿಗೆ ಬೇರೆ ಜಿಮ್ ಯಾಕೆ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಐವತ್ತೆರಡಕ್ಕೇ ಅವಳ ಎರಡೂ ಮಂಡಿ ಸವೆದಿವೆ. ದುಡಿಮೆ ಮೈಯನ್ನು ತನಗೆ ಬೇಕಾದಂತೆ ಬಳಸಿಕೊಳ್ಳುತ್ತದೆ. ಒಂದೇ ಕಡೆ ಬಗ್ಗಿಸುತ್ತದೆ, ಒಂದೇ ಹೆಗಲ ಮೇಲೆ ಹೊರಿಸುತ್ತದೆ, ಸುಸ್ತಾದರೆ ನಿಲ್ಲಲು ಬಿಡುವುದಿಲ್ಲ. ವ್ಯಾಯಾಮ ಮೈಗಾಗಿಯೇ ಮಾಡುವಂಥದ್ದು. ಅದರ ತೊಂದರೆಯೂ ಅದೇ. ನಾನು ಏಳದಿದ್ದರೆ ಯಾರೂ ಉಪವಾಸ ಬೀಳುವುದಿಲ್ಲ.

ಇಲ್ಲಿ ಕೆ.ವಿ. ಅಯ್ಯರ್ ಅವರನ್ನು ನೆನೆಯಬೇಕು. ನನ್ನ ಪ್ರಬಂಧದ ವಿಷಯ ಕನ್ನಡದ ಐತಿಹಾಸಿಕ ಕಾದಂಬರಿ. ಹೊಯ್ಸಳ ರಾಣಿಯ ಮೇಲೆ 'ಶಾಂತಲಾ' ಬರೆದವರು ಎಂದೇ ಅವರ ಪರಿಚಯವಾದದ್ದು. 'ರೂಪದರ್ಶಿ' ಬರೆದವರೂ ಅವರೇ, ಟಿ.ಪಿ. ಕೈಲಾಸಂ ಅವರಿಗೆ ಆಪ್ತರಾಗಿದ್ದವರೂ ಹೌದು. ಟಿಪ್ಪಣಿ ಮಾಡಲು ಹೋದಾಗ ಅವರ ಒಂದು ಫೋಟೊ ಸಿಕ್ಕಿತು. ಗ್ರೀಕ್ ಶಿಲ್ಪದ ಭಂಗಿಯಲ್ಲಿ, ಮೈಯ ಒಂದೊಂದು ಸ್ನಾಯುವೂ ಕೆತ್ತಿದಂತೆ ನಿಂತಿದ್ದಾರೆ. ಕನ್ನಡ ಸಾಹಿತಿಯೊಬ್ಬರ ಹೊಟ್ಟೆ ಹಾಗಿರಬಹುದೆಂದು ನನ್ನ ಕಲ್ಪನೆಯಲ್ಲೂ ಇರಲಿಲ್ಲ. ಕುವೆಂಪು ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ನಡೆಯುತ್ತಿದ್ದರು ಎಂಬಲ್ಲಿಗೆ ನಮ್ಮ ಸಾಹಿತ್ಯಚರಿತ್ರೆಯ ವ್ಯಾಯಾಮದ ಪುಟ ಸಾಮಾನ್ಯವಾಗಿ ಮುಗಿಯುತ್ತದೆ.

ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಪೋಷಣೆ ಅವರಿಗಿತ್ತು. ಯೋಗಾಚಾರ್ಯ ಸುಂದರಂ ಅವರೊಡನೆ ಸೇರಿ ಪ್ರಾತ್ಯಕ್ಷಿಕೆ ಕೊಟ್ಟರು; ಭಾರ ಎತ್ತುವ ವಿದ್ಯೆಯೂ ಆಸನವೂ ಸೂರ್ಯನಮಸ್ಕಾರವೂ ಅವರಿಗೆ ಒಂದೇ ಅಂಗಳದವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದ್ಯಾವುದೂ ಅಲ್ಲ. ಅವರು ಅಂಚೆಯ ಮೂಲಕ ವ್ಯಾಯಾಮ ಕಲಿಸುತ್ತಿದ್ದರು. ಭಾರತಕ್ಕೂ ಒಮ್ಮೆ ಬಂದುಹೋಗಿದ್ದ ಯೂಜೆನ್ ಸ್ಯಾಂಡೋನಂಥವರು ಪಶ್ಚಿಮದಲ್ಲಿ ಬೆಳೆಸಿದ ಪದ್ಧತಿ ಅದು. ದೂರದ ಊರಿನ ಹುಡುಗನಿಗೆ ಪಾಠ ಅಂಚೆಯಲ್ಲಿ ಬರುತ್ತದೆ. ನನಗೆ ಅದರಲ್ಲಿ ಮುಖ್ಯವಾಗಿ ಕಂಡದ್ದು ಪಾಠವಲ್ಲ, ವಿಳಾಸ. ಕಾಣದ ಊರಿನಲ್ಲಿ ಯಾರೋ ತನ್ನನ್ನು ಶಿಷ್ಯನೆಂದು ಬರೆದಿಟ್ಟುಕೊಂಡಿದ್ದಾರೆ ಎಂದಮೇಲೆ ಆ ಹುಡುಗ ಚಾಪೆಯಿಂದ ಏಳಲೇಬೇಕಲ್ಲ. ಅವನ ಹುಳುವಿನ ಮನೆ ಅದು, ಎಂದು ನಾನು ಊಹಿಸಿಕೊಂಡೆ. ಗರಡಿಯಲ್ಲಿ ಉಸ್ತಾದರೂ ಇದೇ ಕೆಲಸ ಮಾಡುತ್ತಿದ್ದಿರಬೇಕು. ಆದರೆ ನಮ್ಮೂರ ಗರಡಿಯ ಹೊಸ್ತಿಲನ್ನು ಹೆಣ್ಣುಮಕ್ಕಳು ದಾಟಿದ್ದಿಲ್ಲ. ಅದರ ಕೆಮ್ಮಣ್ಣನ್ನು ನಾನು ಕಂಡಿರುವುದು ಕಿಟಕಿಯಿಂದ.

ನನಗೆ ಪಾಠ ಕಳಿಸುವವರು ಯಾರೂ ಇರಲಿಲ್ಲ. ಇದ್ದದ್ದು ಕೆಳಗಿನ ಮನೆಯ ಅಜ್ಜಿ. ಮನೆ ಓನರ್ ತಾಯಿ, ಎಪ್ಪತ್ತರ ಮೇಲೆ, ಇಲ್ಲಿಯವರೇ. ಅವರಿಗೆ ಡಾಕ್ಟರು ದಿನಾ ನಡೆಯಲು ಹೇಳಿದ್ದರು. ಮೂಲೆಯ ನಾಯಿಗಳಿಗೆ ಹೆದರಿ ಅವರು ಗೇಟು ದಾಟುತ್ತಿರಲಿಲ್ಲ. ಒಂದು ದಿನ ನೀರಿನ ಮೋಟಾರ್ ಹಾಕಲು ಇಳಿದಿದ್ದೆ.

'ಏನವ್ವಾ, ನಾಯಿಗೆ ನೀನೂ ಹೆದ್ರುಕೊಂತೀಯಾ?'

'ಇಲ್ಲ ಅಜ್ಜಿ.'

'ಹಂಗಾರೆ ನಾಳೆ ಆರಕ್ಕೆ ಬಂದ್ಬುಡು.'

ಇಷ್ಟೇ ನಡೆದದ್ದು. ಮರುದಿನ ಆರಕ್ಕೆ ಕಿಟಕಿಯಿಂದ ಇಣುಕಿದರೆ ಅಜ್ಜಿ ಸ್ವೆಟರ್ ಹಾಕಿ, ತಲೆಗೆ ಸ್ಕಾರ್ಫ್ ಕಟ್ಟಿ, ಕೈಯಲ್ಲಿ ಕೋಲು ಹಿಡಿದು ಗೇಟಿನ ಬಳಿ ನಿಂತಿದ್ದಾರೆ. ಅವರನ್ನು ನೋಡಿಯೂ ಮಲಗಲು ಬೇಕಾದ ಧೈರ್ಯ ನನ್ನಲ್ಲಿರಲಿಲ್ಲ.

ಕೆರೆಯ ಕಡೆ ಹೋಗಿ ಬರುವುದು ಅಜ್ಜಿಯ ವೇಗದಲ್ಲಿ ನಲವತ್ತು ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ಎಲ್ಲರ ಫೋನಿನಲ್ಲೂ ಕೂತಿರುವ ಆ ಹತ್ತು ಸಾವಿರ ಹೆಜ್ಜೆಯ ಲೆಕ್ಕ 1965ರಲ್ಲಿ ಜಪಾನಿನ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹಬ್ಬಿದ್ದಂತೆ. ಅದನ್ನು ತಿಳಿದಮೇಲೆ ಎಣಿಸುವುದನ್ನು ಬಿಟ್ಟೆ. ಭಾನುವಾರ ತುರಹಳ್ಳಿ ಕಾಡಿನ ಕಡೆ ಹೆಲ್ಮೆಟ್ ಧರಿಸಿದ ಸೈಕಲ್ಲಿನವರು ಸರ್ರನೆ ಹೋಗುತ್ತಾರೆ. ಅಜ್ಜಿ ಅವರನ್ನು ನೋಡಿ, 'ಆಗ ಸೌದೆಗೆ ಅಂತ ಹೋಗ್ತಿದ್ವಿ. ಇವರು ಬರೀಕೈಲಿ ಬತ್ತಾರೆ' ಅನ್ನುತ್ತಾರೆ. ಇನ್ನೊಂದು ದಿನ, 'ನಡೀಬ್ಯಾಡ ಅಂದ್ರೂ ನಡೀಬೇಕಾಗಿತ್ತು ಕಣವ್ವಾ. ಈಗ ಚೀಟೀಲಿ ಬರ್ಕೊಟ್ಟವ್ರೆ' ಅಂದರು.

ನನ್ನ ವೇಗಕ್ಕೆ ಅವರ ನಡಿಗೆ ಸಾಲದು. ಹಾಗಾಗಿ ಬಂದಮೇಲೆ ತಾರಸಿಯಲ್ಲಿ ಬಸ್ಕಿ. ಸ್ಕ್ವಾಟ್ ಅಂದರೆ ಜಿಮ್ಮಿನ ಹುಡುಗರು ಗೌರವ ಕೊಡುತ್ತಾರೆ. ಬಸ್ಕಿ ಅಂದರೆ ನಮಗೆ ಗಣಪತಿ, ಇಲ್ಲವೇ ಹೋಂವರ್ಕ್ ಮಾಡದ ದಿನದ ಮೇಷ್ಟ್ರು. ಗರಡಿಯಾಳುಗಳು ಸಾವಿರಗಟ್ಟಲೆ ಹೊಡೆಯುತ್ತಿದ್ದ ಬಸ್ಕಿ ಶಾಲೆಯಲ್ಲಿ ಹೇಗೆ ಶಿಕ್ಷೆಯಾಯಿತೋ. ಮೊದಲ ದಿನ ಎಂಟಕ್ಕೆ ತೊಡೆ ನಡುಗಿ, ಮೆಟ್ಟಿಲನ್ನು ಕೂತು ಕೂತು ಇಳಿದೆ. ಈಗ ಮೂವತ್ತರ ಮೂರು ಸರದಿ. ಮೆಟ್ರೊ ಮೆಟ್ಟಿಲು ಹತ್ತಿದಮೇಲೆ ಕಂಬ ಹಿಡಿದು ನಿಲ್ಲುವುದು ತಪ್ಪಿದೆ. ತೂಕ ಹೆಚ್ಚೇನೂ ಇಳಿದಿಲ್ಲ. ರಕ್ತಪರೀಕ್ಷೆ ಮುಂದಿನ ತಿಂಗಳು.

ಊರಿಗೆ ಹೋದಾಗ ಅಮ್ಮನಿಗೂ ಕುರ್ಚಿ ಹಿಡಿದು ನಿಧಾನಕ್ಕೆ ಎದ್ದು ಕೂರುವುದನ್ನು ತೋರಿಸಿಕೊಟ್ಟೆ. 'ಹುಳು ಮೇಲೆ ಹತ್ತಲಿ, ಆಮೇಲೆ ನೋಡಾನ' ಅಂದಳು. ಈಗ ದಿನಾ ಸಂಜೆ ಏಳಕ್ಕೆ ಫೋನ್ ಮಾಡಿ 'ಮಾಡಿದ್ಯಾ?' ಎಂದು ಕೇಳುತ್ತೇನೆ. ಅವಳು ಮಾಡಿದೆ ಅನ್ನುತ್ತಾಳೆ. ಹಿಂದಿನಿಂದ ಅಪ್ಪ ನಗುವುದು ಕೇಳಿಸುತ್ತದೆ.

ಅಜ್ಜಿ ಈ ವಾರ ಕಗ್ಗಲೀಪುರದ ಮಗಳ ಮನೆಗೆ ಹೋಗಿದ್ದಾರೆ. ಮೂರು ದಿನದಲ್ಲಿ ನಾನು ಎರಡು ದಿನ ಎದ್ದಿದ್ದೇನೆ. ಏಳದ ದಿನ ಮಳೆ ಇತ್ತು. ನಿಜ ಹೇಳಬೇಕೆಂದರೆ ಎದ್ದ ದಿನಗಳಲ್ಲೂ ಇತ್ತು.