ಏಣಿ ಹತ್ತುವ ಅಧಿಕಾರ

ವಡೋದರೆಯ ಫತೇಗಂಜಿಗೂ ಕಡಲಿಗೂ ಮೇಲ್ನೋಟಕ್ಕೆ ಯಾವ ಸಂಬಂಧವೂ ಕಾಣದು. ಬ್ರಿಟಿಷರ ಕಾಲದಲ್ಲಿ ದಂಡಿನ ಬಿಡಾರವಾಗಿದ್ದ, ಈಗ ವಿಶ್ವವಿದ್ಯಾಲಯದ ನೆರೆಯಲ್ಲಿ ಬೆಳೆದಿರುವ ಈ ಬಡಾವಣೆಗೆ ಹಡಗಿನ ಕೂಗು ಕೇಳಿಸುವುದಿಲ್ಲ. ಆದರೂ ಬಂದರಿಗೆ ಬಂದ ಹಡಗನ್ನು ಹತ್ತಿ ಶೋಧಿಸುವ ಹಕ್ಕು ಯಾರದು ಎಂಬ ಪ್ರಶ್ನೆ ಒಂದು ಕಾಲಕ್ಕೆ ಈ ನೆಲವನ್ನೂ ಕಾಡಿದ್ದುಂಟು. ದಂಡಿನಲ್ಲಿ ಬ್ರಿಟಿಷರ ಮಾತು ನಡೆಯುತ್ತಿತ್ತು, ಅದರಾಚೆಗೆ ಗಾಯಕವಾಡರದು. ಬರೋಡಾ ಸಂಸ್ಥಾನಕ್ಕೆ ಬಿಲಿಮೋರಾ, ಕೋಡಿನಾರ್, ದ್ವಾರಕೆಗಳ ಕಡೆ ಕಡಲ ತೀರವಿತ್ತು. ಮೂರನೆಯ ಸಯಾಜಿರಾವ್ ಮಹಾರಾಜರ ಆಳ್ವಿಕೆಯಲ್ಲಿ, 1926ರಲ್ಲಿ, ಓಖಾ ಬಂದರು ತೆರೆಯಿತು. ಅಲ್ಲಿ ಲಂಗರು ಹಾಕಿದ ಹಡಗಿನ ಏಣಿ ಹತ್ತುವವರು ಸಂಸ್ಥಾನದ ಸುಂಕದವರು. ಕಾಠಿಯಾವಾಡದ ಸಂಸ್ಥಾನಗಳ ಬಂದರುಗಳಿಂದ ಸರಕು ಒಳನಾಡಿಗೆ ಹರಿದು ತನ್ನ ಆದಾಯ ಸೋರುತ್ತಿದೆಯೆಂದು ಕಂಡ ಬ್ರಿಟಿಷ್ ಸರಕಾರ, 1917ರಲ್ಲಿ ತೆಗೆದುಹಾಕಿದ್ದ ವಿರಮಗಾಮಿನ ಸುಂಕದ ಗಡಿಯನ್ನು 1927ರಲ್ಲಿ ಮತ್ತೆ ಹೂಡಿತು. ಹಡಗನ್ನು ಹತ್ತಲಾಗದವನು ನೆಲದ ಮೇಲೆ ಬೇಲಿ ಹಾಕಿದ. ಏಣಿ ಹತ್ತುವ ಅಧಿಕಾರವೆಂದರೆ ಎಷ್ಟು ದೊಡ್ಡದೆಂಬುದು ಇದರಿಂದಲೇ ತಿಳಿಯುತ್ತದೆ.

ಕನ್ನಡದ ಓದುಗನಿಗೆ ಸುಂಕದವನು ಅಪರಿಚಿತನಲ್ಲ. ನಮ್ಮ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆಗಳ ಮಾತು ಬರುತ್ತದೆ. ಸುಂಕವೆರ್ಗಡೆಯೆಂಬ ಅಧಿಕಾರಿ ಬರುತ್ತಾನೆ. ಶರಣರ ಸಾಲಿನಲ್ಲಿ ಸುಂಕದ ಬಂಕಣ್ಣನಿದ್ದಾನೆ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆಯಂತೂ ಎಲ್ಲರ ಬಾಯಲ್ಲಿದೆ. ಆ ಗಾದೆಯ ಕಹಿಯನ್ನು ಹದಿನೇಳನೆಯ ಶತಮಾನದ ಸೂರತ್ತಿಗೆ ಬಂದಿಳಿದ ಪರದೇಶಿಗಳೂ ಉಂಡಿದ್ದರು. ದೊಡ್ಡ ಹಡಗುಗಳು ತಾಪಿ ನದಿಯ ಮುಖದ ಹೊರಗೆ, ಸುವಾಲಿಯಲ್ಲಿ ನಿಲ್ಲುತ್ತಿದ್ದವು. ಅಲ್ಲಿಂದ ಬಂದವರು ಸೂರತ್ತಿನ ಫುರ್ಜಾ ಎಂಬ ಸುಂಕದ ಕಟ್ಟೆಯನ್ನು ದಾಟಬೇಕಿತ್ತು. 1666ರಲ್ಲಿ ಬಂದ ಫ್ರೆಂಚ್ ಪ್ರವಾಸಿ ಥೆವೆನೊ ಅಲ್ಲಿಯ ಶೋಧನೆ ಎಷ್ಟು ಕಟ್ಟುನಿಟ್ಟಿನದೆಂಬುದನ್ನು ಬರೆದಿಟ್ಟಿದ್ದಾನೆ. ಪೆಟ್ಟಿಗೆಗಳನ್ನಷ್ಟೇ ಅಲ್ಲದೆ ಮೈಯನ್ನೂ ತಡಕಿ ನೋಡುತ್ತಿದ್ದರು. ಆಗ ಅಧಿಕಾರಕ್ಕೆ ಎಲ್ಲೆ ಹಾಕುತ್ತಿದ್ದುದು ಅಧಿಕಾರಿಯ ಮರ್ಜಿಯೇ.

ಇಂದಿನ ಕಾನೂನು ಆ ಮರ್ಜಿಯನ್ನು ಬರಹಕ್ಕೆ ಇಳಿಸಿದೆ. ಹಡಗು ತಾನು ಹೊತ್ತ ಬಾವುಟದ ದೇಶದ ತೇಲುವ ತುಣುಕು, ಅದನ್ನು ಪರರು ಮೆಟ್ಟುವಂತಿಲ್ಲ ಎಂಬ ಭಾವನೆ ಸಾಮಾನ್ಯವಾಗಿದೆ. ಯುದ್ಧನೌಕೆಯ ಮಟ್ಟಿಗೆ ಅದು ಬಹುಪಾಲು ನಿಜ. ವ್ಯಾಪಾರಿ ಹಡಗು ಮಾತ್ರ ಬಂದರನ್ನು ಹೊಕ್ಕೊಡನೆ ಆ ನೆಲದ ಕಾನೂನಿಗೂ ಒಳಪಡುತ್ತದೆ. 1897ರ ಸಾಂಕ್ರಾಮಿಕ ರೋಗಗಳ ಅಧಿನಿಯಮವು ಬಂದರಿಗೆ ಬರುವ, ಬಂದರನ್ನು ಬಿಡುವ ಹಡಗುಗಳ ತಪಾಸಣೆಗೆ ದಾರಿ ಮಾಡಿತು. 1908ರ ಬಂದರು ಅಧಿನಿಯಮವು ತಪ್ಪು ನಡೆದ ಶಂಕೆಯುಂಟಾದಾಗ ಹಡಗನ್ನು ಹೊಕ್ಕು ಪರೀಕ್ಷಿಸುವ ಅಧಿಕಾರವನ್ನು ಬಂದರಿನ ಅಧಿಕಾರಿಗೆ ಕೊಟ್ಟಿತ್ತು. 2025ರಲ್ಲಿ ಸಂಸತ್ತು ಅದರ ಸ್ಥಾನಕ್ಕೆ ಹೊಸ ಅಧಿನಿಯಮವನ್ನು ತಂದಿತು. ಇವೆಲ್ಲಕ್ಕಿಂತ ವಿಶಾಲವಾದ ಅಧಿಕಾರವಿರುವುದು 1962ರ ಕಸ್ಟಮ್ಸ್ ಅಧಿನಿಯಮದಲ್ಲಿ. ಅದರ 37ನೆಯ ಕಲಮಿನಂತೆ ಅಧಿಕಾರಿಯು ಆಮದು ರಫ್ತಿನ ಸರಕು ಹೊತ್ತ ಹಡಗನ್ನು ಯಾವ ಹೊತ್ತಿನಲ್ಲಾದರೂ ಹತ್ತಬಹುದು. ತನಗೆ ಅಗತ್ಯವೆಂದು ಕಂಡಷ್ಟು ಕಾಲ ಅಲ್ಲಿಯೇ ಇರಬಹುದು. 38ನೆಯ ಕಲಮಿನಂತೆ ಕಾಗದಪತ್ರ ಕೇಳಬಹುದು, ಪ್ರಶ್ನೆ ಹಾಕಬಹುದು. 42ನೆಯ ಕಲಮಿನಂತೆ ಅವನ ಲಿಖಿತ ಅಪ್ಪಣೆಯಿಲ್ಲದೆ ಹಡಗು ಹೊರಡುವಂತಿಲ್ಲ.

ಇಷ್ಟು ಕೊಟ್ಟ ಕಾನೂನು ಕಡಿವಾಣವನ್ನೂ ಹಾಕಿದೆ. ಮೈಶೋಧನೆಗೆ ಒಳಗಾಗುವವನು ಬಯಸಿದರೆ ಅವನನ್ನು ಮೊದಲು ಗೆಜೆಟೆಡ್ ಅಧಿಕಾರಿಯ ಇಲ್ಲವೇ ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ಯಬೇಕು. ಹೆಂಗಸನ್ನು ಹೆಂಗಸೇ ಶೋಧಿಸಬೇಕು. ಸಕಾರಣವಿಲ್ಲದೆ ಶೋಧಿಸಿ ಪೀಡಿಸಿದ ಅಧಿಕಾರಿಗೆ ಆರು ತಿಂಗಳವರೆಗಿನ ಸೆರೆವಾಸವನ್ನೂ ವಿಧಿಸಬಹುದು. ಸೂರತ್ತಿನ ಫುರ್ಜಾದಲ್ಲಿ ತಡಕಿಸಿಕೊಂಡವನಿಗೆ ಈ ಯಾವ ಆಸರೆಯೂ ಇರಲಿಲ್ಲ.

ಅತಿಯಾದ ಅಧಿಕಾರಕ್ಕೆ ಕಾನೂನಿನಲ್ಲಿ ಹೀಗೆ ಮದ್ದುಂಟು. ಕೈಯಲ್ಲಿರುವ ಅಧಿಕಾರವನ್ನು ಬಳಸದೆ ಬಿಡುವುದಕ್ಕೆ ಮದ್ದು ಯಾವುದು? ಈ ಪ್ರಶ್ನೆಯ ಭಾರ ತಿಳಿಯಬೇಕಾದರೆ ಖಂಭಾತ್ ಕೊಲ್ಲಿಯನ್ನು ದಾಟಿ ಭಾವನಗರ ಜಿಲ್ಲೆಯ ಅಲಂಗ್‌ಗೆ ಹೋಗಬೇಕು. ಅಲ್ಲಿ ಭರತ ಹತ್ತು ಮೀಟರಿನಷ್ಟು ಏರುತ್ತದೆ. ಮುದಿಯಾದ ಹಡಗನ್ನು ಭರತದ ಹೊತ್ತಿಗೆ ಕೆಸರಿನ ದಡಕ್ಕೆ ಓಡಿಸಿ, ನೀರಿಳಿದ ಮೇಲೆ ತುಂಡು ತುಂಡಾಗಿ ಕತ್ತರಿಸುತ್ತಾರೆ. 1983ರಲ್ಲಿ ಆರಂಭವಾದ ಈ ಕಸುಬು ಒರಿಸ್ಸಾ, ಬಿಹಾರ, ಉತ್ತರ ಪ್ರದೇಶಗಳಿಂದ ಬಂದ ಕೂಲಿಗಳ ಬೆವರಿನಿಂದ ಬೆಳೆಯಿತು. ಕಾಗದದಲ್ಲಿ ‘ಖಾಲಿ’ ಎಂದಿರುವ ಹಡಗಿನ ಗೋಡೆಗಳೊಳಗೆ ಕಲ್ನಾರು ಇರುತ್ತದೆ. ತೊಟ್ಟಿಗಳಲ್ಲಿ ಹೊತ್ತಿಕೊಳ್ಳುವ ಆವಿ ಉಳಿದಿರುತ್ತದೆ. ಅಧಿಕಾರಿ ಒಡಲೊಳಗೆ ಇಳಿದು ನೋಡದೆ ಸಹಿ ಹಾಕಿದರೆ, ಅದನ್ನು ಮೊದಲು ಕಂಡುಹಿಡಿಯುವವನು ಗ್ಯಾಸ್ ಕಟರ್ ಹಿಡಿದ ಕೂಲಿಯವನು. ಅವನಿಗೆ ಅದು ತಿಳಿಯುವುದು ಬೆಂಕಿಯಿಂದ, ಇಲ್ಲವೇ ಎಷ್ಟೋ ವರ್ಷಗಳ ಬಳಿಕ ಶ್ವಾಸಕೋಶದ ಬೇನೆಯಿಂದ.

2003ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಒಡೆಯಲು ಬರುವ ಹಡಗಿನ ಮಾಲೀಕನೇ ಅದರೊಳಗಿನ ವಿಷವಸ್ತುಗಳನ್ನು ಮೊದಲು ತೆಗೆಸಬೇಕೆಂದು ನಿರ್ದೇಶಿಸಿತು. 2005ರ ಕೊನೆಗೆ ಫ್ರಾನ್ಸಿನಿಂದ ಹೊರಟ ಕ್ಲೆಮಾನ್ಸೊ ಎಂಬ ಹಳೆಯ ವಿಮಾನವಾಹಕ ನೌಕೆಯಲ್ಲಿ ಎಷ್ಟು ಕಲ್ನಾರು ಉಳಿದಿದೆಯೆಂಬ ಲೆಕ್ಕ ಒಬ್ಬರದು ಇನ್ನೊಬ್ಬರಿಗೆ ತಾಳೆಯಾಗಲಿಲ್ಲ. ಕೊನೆಗೆ 2006ರ ಫೆಬ್ರವರಿಯಲ್ಲಿ ಫ್ರಾನ್ಸೇ ಅದನ್ನು ಹಿಂದಕ್ಕೆ ಕರೆಸಿಕೊಂಡಿತು. ಅದೇ ವರ್ಷ ಬಂದ ಬ್ಲೂ ಲೇಡಿ ಎಂಬ ಪ್ರಯಾಣಿಕ ಹಡಗಿನ ಪ್ರಕರಣದಲ್ಲಿ ತಜ್ಞರ ಸಮಿತಿಯ ಅಭಿಪ್ರಾಯ ಪಡೆದು, 2007ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಒಡೆಯಲು ಅನುಮತಿಯಿತ್ತಿತು. 2019ರ ಹಡಗು ಮರುಬಳಕೆ ಅಧಿನಿಯಮ ಬಂದ ಮೇಲೆ ಅಪಾಯಕಾರಿ ವಸ್ತುಗಳ ಪಟ್ಟಿ ಹಡಗಿನೊಂದಿಗೇ ಇರಬೇಕೆಂಬ ನಿಯಮವಾಯಿತು. ಆದರೆ ಪಟ್ಟಿಯೂ ಕಾಗದವೇ ಅಲ್ಲವೇ? ಪಟ್ಟಿಗೂ ಒಡಲಿಗೂ ತಾಳೆ ನೋಡುವ ಎರಡು ಕಣ್ಣುಗಳು ಬೇಕೇ ಬೇಕು.

ದೂರದ ಗುಜರಾತಿನ ಮಾತೆಂದು ಕನ್ನಡಿಗರು ಸುಮ್ಮನಿರುವಂತಿಲ್ಲ. ಉತ್ತರ ಕನ್ನಡದ ಅಂಕೋಲೆಯ ಬಳಿಯ ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಅರಣ್ಯ ಇಲಾಖೆಯವರು ಲಕ್ಷಾಂತರ ಟನ್ ಕಬ್ಬಿಣದ ಅದಿರನ್ನು ವಶಪಡಿಸಿಕೊಂಡರು. ಮುಟ್ಟುಗೋಲಾದ ಆ ಅದಿರಿನ ದೊಡ್ಡ ಪಾಲು ಹಡಗೇರಿ ಕಡಲಾಚೆಗೆ ಹೋಯಿತು. ರಾಶಿ ರಾಶಿ ಅದಿರು ಜೇಬಿನಲ್ಲಿ ಬಚ್ಚಿಟ್ಟು ಸಾಗಿಸುವ ವಸ್ತುವಲ್ಲ. ಲಿಖಿತ ಅಪ್ಪಣೆಯಿಲ್ಲದೆ ಹಡಗು ಹೊರಡಕೂಡದೆಂಬ ಕಲಮೂ ಆಗ ಜಾರಿಯಲ್ಲಿಯೇ ಇತ್ತು. 2011ರ ಲೋಕಾಯುಕ್ತ ವರದಿ ಈ ಕಥೆಯನ್ನು ನಾಡಿನ ಮುಂದಿಟ್ಟಿತು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಶಾಸಕರೊಬ್ಬರನ್ನೂ ಬಂದರಿನ ಅಧಿಕಾರಿಯೊಬ್ಬರನ್ನೂ ಸೇರಿಸಿ ಹಲವರನ್ನು ತಪ್ಪಿತಸ್ಥರೆಂದಿತು. ಮರುತಿಂಗಳು ಶಾಸಕರ ಶಿಕ್ಷೆಯನ್ನು ಉಚ್ಚ ನ್ಯಾಯಾಲಯ ಅಮಾನತಿನಲ್ಲಿರಿಸಿತು. ತೀರ್ಪು ಮುಂದೆ ಏನೇ ಆಗಲಿ, ಹೋದ ಅದಿರು ಬಳ್ಳಾರಿಯ ಗುಡ್ಡಗಳಿಗೆ ಮರಳಿ ಬರಲಾರದು.

ಸುಂಕದವನ ಮುಂದೆ ಸುಖದುಃಖ ಹೇಳಬಾರದೆಂದ ಹಿರಿಯರು ಅವನ ನಿಷ್ಠುರತೆಯನ್ನು ಕಂಡು ನೊಂದು ಆ ಗಾದೆ ಕಟ್ಟಿರಬೇಕು. ಅಲಂಗ್‌ನ ಕೂಲಿಗೂ ಬಳ್ಳಾರಿಯ ಗುಡ್ಡಕ್ಕೂ ಆ ನಿಷ್ಠುರತೆಯೇ ರಕ್ಷೆಯಾಗಬೇಕಿತ್ತು. ಮೇಲಿನ ಅಂತಸ್ತಿನಲ್ಲಿ ನಾಯಕನ ಕೋಣೆಯಿದೆ. ಅಲ್ಲಿ ಕುರ್ಚಿಯುಂಟು, ಚಹವುಂಟು, ಓರಣವಾಗಿ ಜೋಡಿಸಿದ ಕಾಗದಗಳುಂಟು. ಕೆಳಗೆ ಕತ್ತಲೆಯ ಒಡಲಿದೆ. ಕಾನೂನು ಅಧಿಕಾರಿಯನ್ನು ಏಣಿ ಹತ್ತಿಸಿ ಹಡಗಿನ ಮೇಲೆ ನಿಲ್ಲಿಸಬಲ್ಲದು. ಅಲ್ಲಿಂದ ಕೆಳಗಿಳಿಯುವ ಕೆಲವು ಮೆಟ್ಟಿಲುಗಳನ್ನು ಅವನೇ ಇಳಿಯಬೇಕು.