ಬಣ್ಣದ ಗುಂಡಿನ ಕಾಳಗ

ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದಲ್ಲಿ, ಕಾಂಟುಕುಕ್ ನದಿಯ ದಡದಲ್ಲಿ ಹೆನಿಕರ್ ಎಂಬ ಪುಟ್ಟ ಊರಿದೆ. ಭೂಮಂಡಲದಲ್ಲಿ ಆ ಹೆಸರಿನ ಊರು ತಮ್ಮದೊಂದೇ ಎಂಬುದು ಅಲ್ಲಿನವರ ಹೆಮ್ಮೆ. 1981ರ ಜೂನ್ 27ರಂದು ಪೇಂಟ್‌ಬಾಲ್ ಆಟ ಹುಟ್ಟಿದ್ದು ಈ ಊರಿನ ಕಾಡಿನಲ್ಲಿ. ಮರಗಳಿಗೂ ದನಗಳಿಗೂ ಗುರುತು ಹಾಕಲು ಬಳಸುತ್ತಿದ್ದ ಬಣ್ಣದ ಪಿಸ್ತೂಲುಗಳನ್ನು ಹಿಡಿದು ಹನ್ನೆರಡು ಮಂದಿ ಕಾಡು ಹೊಕ್ಕರು. ಗೆದ್ದವನು ಅರಣ್ಯವೃತ್ತಿಯವನು, ಒಂದು ಗುಂಡನ್ನೂ ಹಾರಿಸದೆ, ಸದ್ದಿಲ್ಲದೆ ಸುಳಿದು, ಬಾವುಟಗಳನ್ನೆಲ್ಲ ಕೂಡಿಸಿಕೊಂಡು ಹೊರಬಂದನು!

ಇಂಥ ಕಣಕ್ಕೆ ಮೊದಲ ಸಲ ಹೋಗುವವರು ಆ ತಾಳ್ಮೆಯನ್ನು ನೆನೆಯುವುದು ಒಳ್ಳೆಯದು. ಜೆಲಟಿನ್ ಹೊದಿಕೆಯ ಗುಂಡು ಒಡೆದು ಮೆತ್ತಿದ ಬಣ್ಣ ನೀರಿನಲ್ಲಿ ತೊಳೆದುಹೋಗುತ್ತದೆ. ಆದರೆ ಅದು ಸೆಕೆಂಡಿಗೆ 300 ಅಡಿಯವರೆಗಿನ ವೇಗದಲ್ಲಿ ಬರುವುದರಿಂದ ಬಾಸುಂಡೆ ಏಳುವುದುಂಟು. ತುಂಬುತೋಳಿನ ಸಡಿಲ ಉಡುಪೂ ಗಟ್ಟಿ ಬೂಟೂ ಅವಶ್ಯ. ಬಾಸುಂಡೆಯೇನೋ ಮಾಯುತ್ತದೆ, ಹೋದ ಕಣ್ಣು ಮರಳಿ ಬಾರದು. ಬೆವರಿನಿಂದ ಮುಖವಾಡದ ಗಾಜು ಮಸುಕಾದರೂ ಕಣದೊಳಗೆ ಅದನ್ನು ಎತ್ತಲೇಬಾರದು. ಕೈಯೆತ್ತಿ ಸೋಲೊಪ್ಪಿ, ಹೊರಬಂದ ಮೇಲೆಯೇ ಒರೆಸಿಕೊಳ್ಳಬೇಕು. ಸೋತ ಆಟವನ್ನು ಮುಂದಿನ ಭಾನುವಾರ ಮತ್ತೆ ಆಡಬಹುದು.